ಹುಣಸೆ ಮರದ ನೆರಳಲ್ಲಿ ನಿಲ್ಲಿಸಿದ ಕಾರು: ಬೆಟ್ಟದ ಬುಡದ ಒಂದು ಕಳವಿನ ಪ್ರಕರಣ ಅಧ್ಯಯನ

ಅವತ್ತು ಬೆಟ್ಟದ ಬುಡದಲ್ಲಿ ಹದಿನಾಲ್ಕು ಕಾರು ನಿಂತಿದ್ದವು. ಗಾಜು ಒಡೆದದ್ದು ನಮ್ಮದಕ್ಕೆ ಮಾತ್ರ.

ನಮ್ಮದೇನೂ ದುಬಾರಿ ಕಾರಲ್ಲ. ಒಂಬತ್ತು ವರ್ಷ ಹಳೆಯ ಪುಟ್ಟ ಹ್ಯಾಚ್‌ಬ್ಯಾಕ್. ಅದೇ ಸಾಲಿನಲ್ಲಿ ಹೊಸ ನಂಬರಿನ ದೊಡ್ಡ ಗಾಡಿಗಳು ಮೂರಿದ್ದವು, ಅವನ್ನು ಯಾರೂ ಮುಟ್ಟಿರಲಿಲ್ಲ. ‘ನಿಮ್ಮ ಟೈಮ್ ಸರಿ ಇರಲಿಲ್ಲ’ ಅಂತ ಎಲ್ಲರೂ ಸಮಾಧಾನ ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಹದಿನಾಲ್ಕರಲ್ಲಿ ನಮ್ಮದೇ ಯಾಕೆ ಅನ್ನೋದಕ್ಕೆ ಒಂದು ಕಾರಣ ಇರಲೇಬೇಕು ಅಲ್ವಾ? ಆಮೇಲೆ ಫೋಟೋ ನೋಡಿ, ಅಲ್ಲಿದ್ದವರನ್ನು ಕೇಳಿ, ನಾವು ನಾಲ್ವರೂ ಕೂತು ಆ ಬೆಳಗನ್ನು ನಿಮಿಷ ನಿಮಿಷ ನೆನಪಿಸಿಕೊಂಡೆವು. ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ.

ಬೆಟ್ಟದ ಹೆಸರು ಹೇಳುವುದಿಲ್ಲ. ಸಾವನದುರ್ಗದಿಂದ ಹಿಡಿದು ರಾಮದೇವರ ಬೆಟ್ಟದವರೆಗೆ ಆ ಕಡೆ ಬಂಡೆ ಬೆಟ್ಟಗಳಿಗೇನು ಬರ? ಅಂಥದ್ದೇ ಒಂದು. ಹೆಸರು ಹಾಕಿದರೆ ಸುಮ್ನೆ ಆ ಊರಿನವರಿಗೆ ಕೆಟ್ಟ ಹೆಸರು. ಕದ್ದವರು ಆ ಊರಿನವರು ಅಂತ ಹೇಳಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ.

ನಡೆದದ್ದು

2025ರ ಫೆಬ್ರವರಿಯ ಒಂದು ಭಾನುವಾರ. ನಾನು, ನನ್ನ ತಮ್ಮ, ಅವನ ಹೆಂಡತಿ, ಅವನ ಆಫೀಸಿನ ಗೆಳೆಯ. ಗೆಳೆಯ ಶನಿವಾರ ರಾತ್ರಿ ಕೆಲಸ ಮುಗಿಸಿ ನೇರ ನಮ್ಮ ಮನೆಗೇ ಬಂದು ಮಲಗಿದ್ದ. ಅಲ್ಲಿಂದ ಹಾಗೇ ಬೆಟ್ಟಕ್ಕೆ. ಅವನ ಲ್ಯಾಪ್‌ಟಾಪ್ ಬ್ಯಾಗೂ ಜೊತೆಗೇ ಬಂತು. ‘ಮನೆಯಲ್ಲೇ ಇಡೋ’ ಅಂತ ಅಮ್ಮ ಹೇಳಿದ್ದಳು. ‘ವಾಪಸ್ ಹೋಗುವಾಗ ನನ್ನನ್ನು ಕೆಂಗೇರಿಯಲ್ಲೇ ಇಳಿಸಿಬಿಡಿ, ಮತ್ತೆ ಯಾಕೆ ಇಲ್ಲಿಗೆ ಬರೋದು’ ಅಂದ. ಆ ಒಂದು ಸಣ್ಣ ಅನುಕೂಲಕ್ಕೆ ಕೊಟ್ಟ ಬೆಲೆ ಮುಂದೆ ಬರುತ್ತದೆ.

ಬುಡ ತಲುಪಿದಾಗ ಆರೂಕಾಲು. ಆಗಷ್ಟೇ ಮಬ್ಬು ಬೆಳಕು. ದೇವಸ್ಥಾನದ ಮುಂದೆ ಮಣ್ಣಿನ ಬಯಲು, ಅದರ ಒಂದು ಅಂಚಿಗೆ ಟೀ ಅಂಗಡಿ. ಅಂಗಡಿ ಮುಂದೆ ಜಾಗ ಧಾರಾಳವಾಗಿತ್ತು. ಆದರೆ ಹನ್ನೊಂದು ಗಂಟೆಗೆ ಇಳಿದು ಬಂದಾಗ ಕಾರು ಕಾದ ಹೆಂಚಾಗಿರುತ್ತೆ ಅಂತ ತಮ್ಮ ಬಯಲಿನ ಕೊನೆಗೆ ಹೋದ. ಅಲ್ಲೊಂದು ಹುಣಸೆ ಮರ, ಅದರ ಹಿಂದೆ ಲಾಂಟಾನ ಪೊದೆ. ಮೂತಿ ಬಯಲಿನ ಕಡೆ, ಹಿಂಭಾಗ ಪೊದೆಯ ಕಡೆ. ‘ಪರ್ಫೆಕ್ಟ್’ ಅಂದವಳು ನಾನೇ.

ಆಮೇಲೆ ನಾವು ಮಾಡಿದ್ದು ಚಾರಣಕ್ಕೆ ಹೋಗುವ ಎಲ್ಲರೂ ಮಾಡುವ ಕೆಲಸ. ಡಿಕ್ಕಿ ತೆಗೆದೆವು. ಚಪ್ಪಲಿ ಬಿಚ್ಚಿ ಶೂ ಹಾಕಿಕೊಂಡೆವು. ನೀರಿನ ಬಾಟಲಿ, ಚಕ್ಕುಲಿ, ಕಿತ್ತಳೆ ಹಣ್ಣು ಹಂಚಿಕೊಂಡೆವು. ಹಿಂದಿನ ಸೀಟಿನಲ್ಲಿದ್ದ ಲ್ಯಾಪ್‌ಟಾಪ್ ಬ್ಯಾಗನ್ನು ಎತ್ತಿ ಡಿಕ್ಕಿಗೆ ಸಾಗಿಸಿದೆವು. ‘ನನ್ನ ಪರ್ಸೂ ಅಲ್ಲೇ ಇಡು, ಬಂಡೆ ಹತ್ತುವಾಗ ತೊಂದರೆ’ ಅಂದೆ. ಅದರ ಮೇಲೊಂದು ಹಳೇ ಬೆಡ್‌ಶೀಟ್ ಮುಚ್ಚಿ, ನಾಲ್ಕು ಜೊತೆ ಚಪ್ಪಲಿ ಎಸೆದು, ಡಿಕ್ಕಿ ಹಾಕಿ, ರಿಮೋಟ್ ಒತ್ತಿ, ಎರಡು ಸಲ ಎಳೆದು ನೋಡಿದೆವು. ಬಹಳ ಜಾಗ್ರತೆ ಮಾಡಿದೆವು ಅಂದುಕೊಂಡೇ ಹೊರಟೆವು.

ಇಷ್ಟಕ್ಕೆ ಹತ್ತು ನಿಮಿಷ ಆಗಿರಬಹುದು. ಅಷ್ಟು ಹೊತ್ತೂ ಇಬ್ಬರು ಹುಡುಗರು ಇಪ್ಪತ್ತು ಹೆಜ್ಜೆ ದೂರದಲ್ಲಿ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ‘ಮೇಲೆ ನೀರು ಸಿಗುತ್ತಾ?’ ಅಂತ ನಾನೇ ಕೇಳಿದೆ. ‘ಇಲ್ಲ ಮೇಡಂ, ತಗೊಂಡೇ ಹೋಗಿ. ಬರೋದು ಎಷ್ಟೊತ್ತಾಗುತ್ತೆ?’ ‘ಹನ್ನೊಂದು, ಹನ್ನೊಂದೂವರೆ.’ ಅವರೇ ಕದ್ದರು ಅಂತ ನಾನು ಹೇಳುತ್ತಿಲ್ಲ. ಅವರು ಬರೀ ಮಾತಿಗೆ ಕೇಳಿರಬಹುದು. ನಾವು ಮಾತ್ರ ಏನು ಇಟ್ಟಿದ್ದೇವೆ, ಎಲ್ಲಿಟ್ಟಿದ್ದೇವೆ, ಎಷ್ಟು ಹೊತ್ತು ಇರುವುದಿಲ್ಲ ಅನ್ನೋ ಮೂರನ್ನೂ ಆ ಬಯಲಿನಲ್ಲಿ ಯಾರು ಬೇಕಾದರೂ ಕೇಳುವ ಹಾಗೆ ಹೇಳಿ ಹೋದೆವು.

ಇಳಿದು ಬಂದಾಗ ಹನ್ನೊಂದು ಇಪ್ಪತ್ತು. ದೂರದಿಂದ ಕಾರು ಸರಿಯಾಗೇ ಕಂಡಿತು. ಹತ್ತಿರ ಹೋದ ಮೇಲೆ ತಮ್ಮನ ಹೆಂಡತಿ ‘ಇದೇನು ಕಲ್ಲುಸಕ್ಕರೆ ಚೆಲ್ಲಿದೆ’ ಅಂದಳು. ನಿಜವಾಗಿಯೂ ಹಾಗೇ ಇತ್ತು. ಕಾರಿನ ಪಕ್ಕದ ಗಾಜು ಒಡೆದರೆ ಉದ್ದುದ್ದ ಚೂರಾಗುವುದಿಲ್ಲ, ಕಾಳು ಕಾಳಾಗಿ ಉದುರುತ್ತದೆ. ಪೆಟ್ಟಾಗದಿರಲಿ ಅಂತ ಅದನ್ನು ಹಾಗೇ ಮಾಡಿರುತ್ತಾರೆ. ಮುಂದಿನ ದೊಡ್ಡ ಗಾಜು ಮಾತ್ರ ಎರಡು ಪದರಿನದು, ಸೀಳಿದರೂ ಜಾಗ ಬಿಡುವುದಿಲ್ಲ.

ಒಡೆದಿದ್ದು ಹಿಂದಿನ ಬಾಗಿಲ ಗಾಜೂ ಅಲ್ಲ, ಅದರ ಹಿಂದಿನ ಸಣ್ಣ ತ್ರಿಕೋನದ್ದು. ಅಲ್ಲಿಂದ ಕೈ ಹಾಕಿ ಒಳಗಿನ ಹಿಡಿ ಎಳೆದಿದ್ದಾರೆ, ಬಾಗಿಲು ತೆರೆದಿದೆ. ಹಿಂದಿನ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದ್ದಾರೆ. ಅಷ್ಟೇ, ಡಿಕ್ಕಿ ಕೈಗೆ ಸಿಕ್ಕಿದೆ. ನಾವು ಎರಡು ಸಲ ಎಳೆದು ನೋಡಿದ್ದ ಡಿಕ್ಕಿಯ ಲಾಕ್ ಗಟ್ಟಿಯಾಗೇ ಇತ್ತು. ಅದನ್ನು ಯಾರೂ ಮುಟ್ಟಿರಲೇ ಇಲ್ಲ. ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿ ಅಂದರೆ ಹಿಂದಿನ ಸೀಟಿನ ಹಿಂದೆ ಇರುವ ಜಾಗ, ಬೇರೆ ಪೆಟ್ಟಿಗೆ ಅಲ್ಲ. ಒಂಬತ್ತು ವರ್ಷ ಓಡಿಸಿದ ಕಾರು. ಇದು ಹೊಳೆದೇ ಇರಲಿಲ್ಲ.

ಹೋದದ್ದು ಎಷ್ಟು, ಬಾಕಿ ಉಳಿದದ್ದು ಏನು

ಲ್ಯಾಪ್‌ಟಾಪ್ ಬ್ಯಾಗ್ ಇರಲಿಲ್ಲ. ಪರ್ಸ್ ಇರಲಿಲ್ಲ. ಚಪ್ಪಲಿ, ಬೆಡ್‌ಶೀಟ್, ಜಾಕಿ ಎಲ್ಲ ಇದ್ದವು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿದ್ದ ಕಾಗದಗಳು ಮುಂದಿನ ಸೀಟಿನ ಮೇಲೆ ಹರಡಿದ್ದವು. ಅದರಲ್ಲಿ ಆರ್‌ಸಿ ಕಾರ್ಡ್ ಕಾಣಲಿಲ್ಲ.

ಮೊದಲ ಐದು ನಿಮಿಷ ಎಲ್ಲರ ಬಾಯಲ್ಲೂ ಲ್ಯಾಪ್‌ಟಾಪ್ ಮಾತು. ಆಮೇಲೆ ತಮ್ಮ ಮೆಲ್ಲಗೆ ಕೇಳಿದ: ‘ಅಕ್ಕಾ, ನಿನ್ನ ಪರ್ಸಿನಲ್ಲಿ ಮನೆ ಕೀ ಇತ್ತಾ?’

ಇತ್ತು. ಮನೆಯ ಕೀ ಅವರ ಹತ್ತಿರ, ಮನೆಯ ವಿಳಾಸ ಆರ್‌ಸಿಯಲ್ಲಿ. ಮನೆಯಲ್ಲಿ ಎಪ್ಪತ್ತೊಂದು ವರ್ಷದ ಅಮ್ಮ ಒಬ್ಬಳೇ. ಕಳುವಾಗಿ ಆಗಲೇ ಮೂರು ನಾಲ್ಕು ಗಂಟೆ ಆಗಿರಬಹುದು. ಬೆಂಗಳೂರು ಒಂದೂವರೆ ಗಂಟೆ ದಾರಿ. ಲ್ಯಾಪ್‌ಟಾಪ್ ಹಾಳಾಗಿ ಹೋಗಲಿ ಅನ್ನಿಸಿತು.

ನಾಲ್ಕು ಫೋನಿನಲ್ಲಿ ಒಂದಕ್ಕೆ ಮಾತ್ರ ಸಿಗ್ನಲ್ ಇತ್ತು. ಮೊದಲು ಅಮ್ಮನಿಗೆ: ‘ಒಳಗಿನಿಂದ ಚಿಲಕ ಹಾಕ್ಕೋ, ಎದುರು ಮನೆ ಆಂಟಿಯನ್ನು ಕರೆದು ಕೂರಿಸ್ಕೋ.’ ಆಮೇಲೆ ತಮ್ಮ ಇನ್ನೊಂದು ಪ್ರಶ್ನೆ ಎತ್ತಿದ. ಕಾರಿನ ಎರಡನೇ ಕೀ ಎಲ್ಲಿ? ಅವನ ನೆನಪಿನ ಪ್ರಕಾರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ. ನನ್ನ ನೆನಪಿನ ಪ್ರಕಾರ ಮನೆಯ ಬೀರುವಿನಲ್ಲಿ. ಅಮ್ಮ ಬೀರು ತೆಗೆದು, ಬೆಳ್ಳಿ ಕುಂಕುಮದ ಭರಣಿಯ ಪಕ್ಕ ಹುಡುಕಿ ‘ಇಲ್ಲೇ ಇದೆ’ ಅನ್ನುವವರೆಗೆ ನಮ್ಮ ಯಾರಿಗೂ ಉಸಿರಿಲ್ಲ. ಆ ಕೀ ಕಳುವಾಗಿದ್ದರೆ ಕಾರನ್ನು ಮನೆ ಮುಂದೆ ನಿಲ್ಲಿಸುವುದಕ್ಕೂ ಹೆದರಬೇಕಿತ್ತು. ಮುಂದೆ ಕಾರೇ ಕಳುವಾದರೂ ವಿಮೆಯವರು ಎರಡೂ ಕೀ ಕೇಳುತ್ತಾರೆ. ಒಂದು ಕೀ ಕಾರಿನೊಳಗೇ ಇತ್ತು ಅಂದರೆ ‘ನಿಮ್ಮದೇ ಅಜಾಗರೂಕತೆ’ ಅಂತ ತಗಾದೆ ಶುರು.

ಆಮೇಲೆ ಕಾರ್ಡ್ ಬ್ಲಾಕ್. ತಾಗಿಸಿ ಪಾವತಿಸುವ ಕಾರ್ಡುಗಳಲ್ಲಿ 2021ರಿಂದ ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ. ಹಾಗಾಗಿ ‘ಪಿನ್ ಯಾರಿಗೆ ಗೊತ್ತು ಬಿಡು’ ಅಂತ ಸುಮ್ಮನಿರುವ ಹಾಗಿಲ್ಲ. ಗೆಳೆಯ ತನ್ನ ಕಂಪನಿಗೆ ಫೋನ್ ಮಾಡಿ ಲ್ಯಾಪ್‌ಟಾಪನ್ನು ದೂರದಿಂದಲೇ ಲಾಕ್ ಮಾಡಿಸಿದ. ಕಳುವಾದದ್ದು ಫೋನ್ ಆಗಿದ್ದರೆ ಸರ್ಕಾರದ ಸಿಇಐಆರ್ ಪೋರ್ಟಲಿನಲ್ಲಿ ಅದರ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು ದೇಶದಲ್ಲೆಲ್ಲೂ ನಡೆಯದ ಹಾಗೆ ಮಾಡಬಹುದು. ಲ್ಯಾಪ್‌ಟಾಪಿಗೆ ಅಂಥ ವ್ಯವಸ್ಥೆ ಇಲ್ಲ.

ಸಂಜೆ ಬೀಗದವನನ್ನು ಹುಡುಕಿ ಮುಂಬಾಗಿಲ ಲಾಕ್ ಬದಲಾಯಿಸಿದೆವು. 1,800 ರೂಪಾಯಿ. ಭಾನುವಾರ ಅಂತ 300 ಜಾಸ್ತಿ.

ಈ ಆರ್‌ಸಿ ವಿಷಯದಲ್ಲಿ ನಮ್ಮ ಮೇಲೆ ನಮಗೇ ಸಿಟ್ಟು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಆರ್‌ಸಿ, ಡಿಎಲ್ ಅಸಲಿಗೆ ಸಮ ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ತಮ್ಮನ ಫೋನಿನಲ್ಲಿ ಅದು ಇತ್ತು ಕೂಡ. ಆದರೂ ಅಸಲಿ ಕಾರ್ಡ್ ಕಾರಿನಲ್ಲೇ ಇರಬೇಕು ಅನ್ನೋ ಅಪ್ಪನ ಕಾಲದ ಅಭ್ಯಾಸ ಬಿಟ್ಟಿರಲಿಲ್ಲ. ನಕಲು ಆರ್‌ಸಿಗೆ ಫಾರಂ 26 ತುಂಬಿ, ಪೊಲೀಸ್ ದೂರಿನ ಪ್ರತಿ ಲಗತ್ತಿಸಿ ಅಲೆದದ್ದು ಬೇರೆ ಕತೆ.

ಠಾಣೆ ಮತ್ತು ವಿಮೆ

112ಕ್ಕೆ ಫೋನ್ ಮಾಡಿದೆವು. ನಲವತ್ತು ನಿಮಿಷಕ್ಕೆ ಗಾಡಿ ಬಂತು. ಅಷ್ಟರಲ್ಲಿ ಗಾಜಿನ ಕಾಳುಗಳನ್ನು ಗುಡಿಸಿ ಬಿಡೋಣ ಅಂತ ನನ್ನ ಕೈ ತುರಿಸುತ್ತಿತ್ತು. ಗೆಳೆಯ ಬಿಡಲಿಲ್ಲ. ಒಡೆದ ಜಾಗ, ಸೀಟು, ನಂಬರ್ ಪ್ಲೇಟ್, ಸುತ್ತಲಿನ ಬಯಲು ಎಲ್ಲದರ ಫೋಟೋ ತೆಗೆದ. ಆಮೇಲೆ ಮಹಜರಿಗೆ, ಕಂಪನಿಯ ವಿಚಾರಣೆಗೆ ಎಲ್ಲಕ್ಕೂ ಆ ಫೋಟೋಗಳೇ ಆದವು.

ಠಾಣೆಯಲ್ಲಿ ಬರೆದುಕೊಳ್ಳುವವರು ಮೊದಲು ಕೊಟ್ಟ ಸಲಹೆ: ‘ಲ್ಯಾಪ್‌ಟಾಪ್ ಕಳೆದುಹೋಗಿದೆ ಅಂತ ಆನ್‌ಲೈನಿನಲ್ಲಿ ಹಾಕ್ಬಿಡಿ, ಬೇಗ ಆಗುತ್ತೆ.’ ಕಳೆದುಹೋಗುವುದು ಬೇರೆ, ಕಳುವಾಗುವುದು ಬೇರೆ. ‘ಕಳೆದುಹೋಗಿದೆ’ ಅನ್ನೋ ಚೀಟಿ ದಾಖಲೆಗಳ ನಕಲು ಪ್ರತಿ ತೆಗೆಸಲು ಸಾಕು. ಅದರಿಂದ ತನಿಖೆ ಹುಟ್ಟುವುದಿಲ್ಲ. ‘ಗಾಜು ಒಡೆದಿದೆ ಸರ್, ಕಳೆದುಹೋಗಿದ್ದು ಹೇಗೆ?’ ಅಂತ ನಗುತ್ತಲೇ ಪಟ್ಟು ಹಿಡಿದೆ. ದಫೇದಾರರೊಬ್ಬರು ‘ಬರ್ಕೊಳ್ರಿ, ಅವರು ಹೇಳೋದು ಸರಿ ಇದೆ’ ಅಂದರು. ಭಾರತೀಯ ನ್ಯಾಯ ಸಂಹಿತೆಯ 303(2)ರಡಿ, ಅಂದರೆ ಕಳ್ಳತನ ಅಂತಲೇ, ಎಫ್‌ಐಆರ್ ಆಯಿತು. ಅದರ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಸಿಗಬೇಕು, ಸಿಕ್ಕಿತು. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮನೆಯ ಬಗ್ಗೆ ಅಷ್ಟು ಹೆದರಿಕೆ ಇದ್ದಾಗ ನಮ್ಮಲ್ಲಿಬ್ಬರು ಮೊದಲೇ ಬೆಂಗಳೂರಿಗೆ ಹೊರಟು, ನಮ್ಮ ಬಡಾವಣೆಯ ಠಾಣೆಯಲ್ಲೇ ದೂರು ಬರೆಸಬಹುದಿತ್ತು.

ವಿಮೆಯ ಲೆಕ್ಕ ಹೀಗೆ. ಗಾಜಿಗೆ, ಕೂಲಿಗೆ ಸೇರಿ 2,900 ರೂಪಾಯಿ. ಗಾಜಿಗೆ ‘ಹಳೆಯದು’ ಅಂತ ಸವಕಳಿ ಕಳೆಯುವುದಿಲ್ಲ, ಅದು ಒಳ್ಳೆಯದು. ಆದರೆ 1500 ಸಿಸಿ ಒಳಗಿನ ಕಾರಿಗೆ ಮೊದಲ 1,000 ರೂಪಾಯಿ ಕಡ್ಡಾಯವಾಗಿ ನಮ್ಮದೇ. ಹಾಗಾಗಿ ಕೈಗೆ ಸಿಗುವುದು 1,900. ಅದನ್ನು ತೆಗೆದುಕೊಂಡರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದೆ ಕಳೆದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಸೊನ್ನೆ. ನಮಗೆ ಮುಂದಿನ ನವೀಕರಣಕ್ಕೆ ಶೇ 45 ರಿಯಾಯಿತಿ ಬರುವುದಿತ್ತು, ಸ್ವಂತ ಹಾನಿಯ ಕಂತು (ನಮ್ಮದೇ ಕಾರಿನ ಹಾನಿಗೆ ಕಟ್ಟುವ ಭಾಗ) 7,200. ಅಂದರೆ 3,240 ರೂಪಾಯಿ ಬಿಟ್ಟು 1,900 ಹಿಡಿದ ಹಾಗೆ. ಕ್ಲೇಮ್ ಹಾಕಲಿಲ್ಲ. ಕಾರಿನೊಳಗಿದ್ದ ಲ್ಯಾಪ್‌ಟಾಪ್, ಪರ್ಸಿಗೆ ಮಾಮೂಲಿ ಕಾರು ವಿಮೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅದಕ್ಕೆ ಬೇರೆ ಆ್ಯಡ್-ಆನ್ ಇರಬೇಕು.

ನಮ್ಮದೇ ಯಾಕೆ?

ಉತ್ತರ ಎರಡು ಕಡೆಯಿಂದ ಸಿಕ್ಕಿತು.

ಒಂದು, ಫೋಟೋ. ಎಂಟೂವರೆಗೆ ಬೆಟ್ಟದ ತುದಿಯಿಂದ ತಮ್ಮನ ಹೆಂಡತಿ ಕೆಳಗಿನ ಬಯಲಿನ ಫೋಟೋ ತೆಗೆದಿದ್ದಳು. ಮನೆಗೆ ಬಂದು ಹಿಗ್ಗಿಸಿ ನೋಡಿದೆವು. ದೇವಸ್ಥಾನ, ಅಂಗಡಿಯ ನೀಲಿ ಟಾರ್ಪಾಲು, ಸಾಲಾಗಿ ಕಾರುಗಳ ಬೆನ್ನು. ಒಂದೊಂದೂ ಬೆಂಕಿಪೊಟ್ಟಣದಷ್ಟು. ಎಣಿಸಿದೆವು, ಹದಿಮೂರು. ನಮ್ಮದು ಇಲ್ಲ. ಹುಣಸೆ ಮರ ಅದನ್ನು ಪೂರ್ತಿ ನುಂಗಿತ್ತು. ಮರ, ಪೊದೆ, ಬಯಲಿನ ಕೊನೆ. ಬಿಸಿಲಿಗೆ ಕಾಣದ ಜಾಗ ಮನುಷ್ಯರಿಗೂ ಕಾಣದ ಜಾಗ. ಒಡೆದದ್ದು ಪೊದೆಯ ಕಡೆಯ ಗಾಜು. ಅಲ್ಲಿ ಕೂತು ಬುತ್ತಿ ಬಿಚ್ಚಿ ಊಟ ಮಾಡಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡು, ಟೀ ಅಂಗಡಿಯ ಅಜ್ಜಿ. ಪೊಲೀಸರು ಹೋದ ಮೇಲೆ ಅವಳ ಹತ್ತಿರ ಕೂತು ಟೀ ಕುಡಿದೆವು. ಬೆಳಿಗ್ಗೆ ಕುಡಿದಿರಲಿಲ್ಲ, ಫ್ಲಾಸ್ಕಿನಲ್ಲಿ ತಂದಿದ್ದೆವು.

‘ಅಲಾರಾಂ ಹೊಡ್ಕಳ್ಳಿಲ್ವಾ ಅಜ್ಜಿ?’

‘ಹೊಡ್ಕಂತು ಕಣವ್ವ. ಡೈರಿಗೆ ಹಾಲಾಕಿ ಬಂದು ಒಲೆ ಊದ್ತಿದ್ದೆ. ಎರಡು ಕಿತ ಕಿಯ್ಯೋ ಅಂತು. ಕೋತಿ ಹತ್ಕಂಡಿರ್ಬೇಕು ಅಂತ ಸುಮ್ಕಾದೆ. ದಿನಾ ಯಾವ್ದಾರಾ ಒಂದು ಬಡ್ಕತಲೇ ಇರ್ತದೆ.’

ಅಲ್ಲಿಗೆ ಒಗಟು ಬಿಡಿಸಿಕೊಂಡಿತು. ಅಲಾರಂ ತನ್ನ ಕೆಲಸ ಮಾಡಿದೆ. ಕೇಳಿಸಿಕೊಂಡವಳೂ ಇದ್ದಳು. ಆದರೆ ಎದ್ದು ನೋಡಲು ಅವಳಿಗೆ ಕಾರಣ ಇರಲಿಲ್ಲ. ನಾವು ಯಾರೋ. ಅವಳ ಅಂಗಡಿ ಮುಂದೆ ನಿಲ್ಲಿಸಲಿಲ್ಲ, ಟೀ ಕುಡಿಯಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ. ಮಿಕ್ಕ ಹದಿಮೂರರಲ್ಲಿ ಎಷ್ಟು ಜನ ಮಾತಾಡಿಸಿದ್ದರೋ, ಅಂತೂ ಆ ಕಾರುಗಳು ಅವಳ ಕಣ್ಣೆದುರಿಗೆ ನಿಂತಿದ್ದವು.

ಹಾಲು ಹಾಕಿ ಬಂದ ಹೊತ್ತು ಅಂದರೆ ಏಳರ ಸುಮಾರು. ನಾವು ಹೊರಟು ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಹುಡುಕಿ, ಇಣುಕಿ, ಅಳೆದು ಸುರಿದು ಮಾಡಿದ ಕಳ್ಳತನ ಇದಲ್ಲ. ಏನು ಎಲ್ಲಿದೆ ಅಂತ ಗೊತ್ತಿದ್ದವರು ನಾವು ಬಂಡೆ ಏರುವುದನ್ನು ಕಾದು ಮಾಡಿದ್ದು. ಬೆಡ್‌ಶೀಟ್ ಹೊದಿಸಿದ್ದು ಯಾರಿಂದ ಮರೆಮಾಡಲು ಅಂತ ಈಗ ಯೋಚಿಸಿದರೆ ನಗು ಬರುತ್ತದೆ. ನೋಡುವವರು ನೋಡಿಯಾಗಿತ್ತು.

ಸ್ಟೀರಿಂಗ್ ಲಾಕ್, ಗೇರ್ ಲಾಕ್, ಜಿಪಿಎಸ್ ಅಂತ ಆಮೇಲೆ ಎಲ್ಲರೂ ಸಲಹೆ ಕೊಟ್ಟರು. ಅವೆಲ್ಲ ಗಾಡಿಯನ್ನೇ ಹೊಡೆದುಕೊಂಡು ಹೋಗುವುದನ್ನು ತಡೆಯಲು. ಬೈಕಿನವರಿಗೆ ಡಿಸ್ಕ್ ಲಾಕ್ ಬೇಕೇ ಬೇಕು. ಬೆಟ್ಟದ ಬುಡದ ಕಳ್ಳನಿಗೆ ಹಳೇ ಕಾರು ಯಾಕೆ? ಅವನಿಗೆ ಬೇಕಾದದ್ದು ಒಂದು ಬ್ಯಾಗು.

ಮತ್ತೆ ಹೋದದ್ದು

ನವೆಂಬರಿನಲ್ಲಿ ಅದೇ ಬೆಟ್ಟಕ್ಕೆ ಮತ್ತೆ ಹೋದೆವು. ಹೋಗದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ಈ ಸಲ ಶೂ ಮನೆಯಿಂದಲೇ ಹಾಕಿಕೊಂಡು ಹೊರಟೆವು. ಬುತ್ತಿ, ನೀರು ಮನೆಯಲ್ಲೇ ಹಂಚಿಕೆಯಾಗಿತ್ತು. ಬುಡದಲ್ಲಿ ಡಿಕ್ಕಿ ತೆಗೆಯಲೇ ಇಲ್ಲ. ಡಿಕ್ಕಿಯನ್ನು ಮುಚ್ಚುವ ಹಲಗೆಯನ್ನೂ ಕಿತ್ತು ಮನೆಯಲ್ಲಿ ಬಿಟ್ಟಿದ್ದೆವು. ಹಿಂದಿನ ಗಾಜಿನಿಂದ ಯಾರು ಇಣುಕಿದರೂ ಸ್ಟೆಪ್ನಿಯ ಮೇಲಿನ ಚಾಪೆ ಬಿಟ್ಟು ಬೇರೇನೂ ಕಾಣದ ಹಾಗೆ. ಡ್ಯಾಶ್‌ಬೋರ್ಡಿನ ಖಾನೆ ಖಾಲಿ, ಬಾಯಿ ತೆರೆದೇ ಇತ್ತು. ತಮ್ಮನ ಹೆಂಡತಿಗೆ ಇದು ಅತಿಯಾಯಿತು ಅನ್ನಿಸಿತು. ಇರಬಹುದು.

ಕೀ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಬಂಡೆಯ ಮೇಲೆ ಬೀಳಿಸಿಕೊಂಡರೆ ಏನು ಗತಿ, ಟೈರಿನ ಮೇಲೆ ಇಟ್ಟು ಹೋಗೋಣ ಅಂತ ಗೆಳೆಯ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಎಷ್ಟೋ ಜನ ಮಾಡುತ್ತಾರೆ ಅಂತ ಕಳ್ಳನಿಗೂ ಗೊತ್ತಿರುತ್ತೆ ಅಲ್ವಾ? ಕೊನೆಗೆ ಒಂದು ಕೀ ತಮ್ಮನ ಒಳಜೇಬಿನಲ್ಲಿ, ಜಿಪ್ಪಿಗೆ ಸೇಫ್ಟಿ ಪಿನ್ ಹಾಕಿ. ಇನ್ನೊಂದು ನನ್ನ ಬ್ಯಾಗಿನ ತಳದಲ್ಲಿ. ಮನೆ ಕೀ ಎದುರು ಮನೆಯ ಆಂಟಿಯ ಹತ್ತಿರ.

ರಾತ್ರಿ ಉಳಿಯುವ ಚಾರಣಕ್ಕೆ ಇಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ಕುದುರೆಮುಖಕ್ಕೆ ಹೋದಾಗ ಕಾರನ್ನು ಹೋಂಸ್ಟೇ ಅಂಗಳದಲ್ಲಿ ಬಿಟ್ಟು ಮುಳ್ಳೋಡಿಯಿಂದ ಹತ್ತುತ್ತೇವೆ, ಅಲ್ಲಿ ನಾಯಿ ಸಮೇತ ಕಾವಲು ಇರುತ್ತದೆ. ಕುಮಾರ ಪರ್ವತಕ್ಕಂತೂ ರಾತ್ರಿ ಬಸ್ಸೇ ಸರಿ. ಕುಕ್ಕೆಯಿಂದ ಹತ್ತಿ ಸೋಮವಾರಪೇಟೆ ಕಡೆಯ ಬೀಡಳ್ಳಿಗೆ ಇಳಿಯುವವರು ಕಾರು ತಂದರೆ ಅದನ್ನು ವಾಪಸ್ ತರಲು ಇನ್ನೊಂದು ದಿನ ಬೇಕು.

ಅವತ್ತು ಕಾರು ನಿಲ್ಲಿಸಿದ್ದು ಅಜ್ಜಿಯ ಅಂಗಡಿ ಮುಂದೆ, ಬಟಾ ಬಿಸಿಲಿನಲ್ಲಿ. ಅವಳಿಗೆ ನೆನಪಿತ್ತು. ‘ಗಾಜು ಒಡಿಸ್ಕಂಡೋರಲ್ವಾ?’ ಟೀ ಕುಡಿದೆವು, ಬೋಂಡ ತಿಂದೆವು. ‘ಸ್ವಲ್ಪ ನೋಡ್ಕಳಜ್ಜಿ, ಬಂದ್ಮೇಲೆ ಇಲ್ಲೇ ತಿಂಡಿ’ ಅಂದೆ. ಐವತ್ತು ರೂಪಾಯಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಈ ನಡುವೆ ಠಾಣೆಯಿಂದ ಒಂದು ನೋಟಿಸ್ ಬಂದಿತ್ತು. ಆರೋಪಿ ಪತ್ತೆಯಾಗಿಲ್ಲ, ಸಿ ರಿಪೋರ್ಟ್ ಹಾಕುತ್ತಿದ್ದೇವೆ, ಅಂದರೆ ತನಿಖೆ ಮುಗಿಸುತ್ತಿದ್ದೇವೆ ಅಂತ. ಗೆಳೆಯ ಸಹಿ ಹಾಕಿ ಕಳಿಸಿದ.

ಹನ್ನೊಂದಕ್ಕೆ ಇಳಿದು ಬಂದೆವು. ಕಾರು ಕಾದ ಹೆಂಚಾಗಿತ್ತು, ಬಾಗಿಲು ಮುಟ್ಟಲು ಆಗುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಧೂಳಿನಲ್ಲಿ ಸಣ್ಣ ಸಣ್ಣ ಕೈ ಗುರುತು. ಅಜ್ಜಿ ಬಾಂಡ್ಲಿಯಿಂದ ತಲೆ ಎತ್ತದೆ ಹೇಳಿದಳು:

‘ನಿಮ್ದು ಒಂದು ಕಿತ ಬಡ್ಕಂತು. ಎದ್ದೋಗಿ ನೋಡ್ದೆ. ಕೋತಿನೇ ಕಣವ್ವ.’